ಕೊನೆಯ ಒಂದು ಗೇಣು

ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ಕೆಂಚನ ಮೈ ಕಾದಿರುತ್ತದೆ. ದೀಪದ ಕೆಳಗಿನ ಚಪ್ಪಡಿಯ ಮೇಲೆ ಮುಂಗಾಲು ಊರಿ, ಎದೆ ಎತ್ತಿ, ಬಾಯಿಯನ್ನು ತುಸು ತೆರೆದುಕೊಂಡು ಕುಳಿತಿರುತ್ತಾನೆ. ರಾತ್ರಿಯ ಬೂದುಬಣ್ಣ ಹೋಗಿ ಹಳೆಯ ಹೆಂಚಿನ ಕೆಂಪು ಬಂದಿರುತ್ತದೆ. ಆಗ ನಾನು ಗಾಜಿನ ಬಾಗಿಲನ್ನು ಸರಿಸಿ, ಬಿದಿರಿನ ಇಕ್ಕಳದ ತುದಿಯಲ್ಲಿ ಒಂದು ಹುಳುವನ್ನು ಹಿಡಿದು, ನೆಲಮಟ್ಟದಲ್ಲಿ, ಅವನ ಬಲಗಣ್ಣಿನ ಕಡೆಯಿಂದ ಒಳಗೆ ತರುತ್ತೇನೆ. ಅವನಿಗೂ ಹುಳುವಿಗೂ ನಡುವೆ ಒಂದು ಗೇಣು ಉಳಿದಾಗ ಇಕ್ಕಳವನ್ನು ಸಡಿಲಿಸಿ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆ ಒಂದು ಗೇಣು ಅವನದು. ಅದನ್ನು ನಾನು ದಾಟಬಾರದು ಎಂದು ಕಲಿಯುವುದಕ್ಕೆ ನನಗೆ ಒಂದು ವರ್ಷದ ಮೇಲೆ ಹಿಡಿಯಿತು.

ಕೆಂಚ ಬಿಯರ್ಡೆಡ್ ಡ್ರ್ಯಾಗನ್ ಎಂಬ ಜಾತಿಯ ಓತಿ. ಮೂಲ ನೆಲೆ ಆಸ್ಟ್ರೇಲಿಯಾದ ಒಳನಾಡಿನ ಒಣಭೂಮಿ, ಶಾಸ್ತ್ರೀಯ ಹೆಸರು ಪೊಗೊನಾ ವಿಟಿಸೆಪ್ಸ್. ಮೂಗಿನಿಂದ ಬಾಲದ ತುದಿಯವರೆಗೆ ಒಂದು ಮೊಳ ಇದ್ದಾನೆ. ಗಂಟಲಿನ ಕೆಳಗೆ ಮುಳ್ಳುಮುಳ್ಳಾದ ಚರ್ಮವಿದೆ. ಸಿಟ್ಟು ಬಂದರೆ ಅದನ್ನು ಉಬ್ಬಿಸಿ ಕಪ್ಪಾಗಿಸುತ್ತಾನೆ. ಗಡ್ಡದ ಹೆಸರು ಬಂದಿರುವುದು ಅದರಿಂದ. ನಮ್ಮ ಬೇಲಿಯ ಮೇಲೆ ತಲೆ ಕುಣಿಸುವ ಓತಿಕ್ಯಾತನೂ ಇವನೂ ಅಗಾಮಿಡೇ ಎಂಬ ಒಂದೇ ಕುಟುಂಬಕ್ಕೆ ಸೇರಿದವರು. ಬೆಂಗಳೂರಿನಲ್ಲೇ ಒಬ್ಬರ ಮನೆಯಲ್ಲಿ ಮೊಟ್ಟೆಯೊಡೆದು ಬಂದ ಮರಿಯನ್ನು ನನ್ನ ಅಣ್ಣನ ಮಗ ತಂದು ಸಾಕಿದ. ಎರಡು ವರ್ಷದ ಹಿಂದೆ, ಆಗಸ್ಟ್‌ನಲ್ಲಿ, ಓದಲು ಹೊರದೇಶಕ್ಕೆ ಹೊರಟಾಗ ಗಾಜಿನ ಮನೆ, ದೀಪಗಳು, ಹುಳುವಿನ ಡಬ್ಬಿಗಳ ಸಮೇತ ಬಸವನಗುಡಿಯ ನಮ್ಮ ಮನೆಗೆ ತಂದು ಬಿಟ್ಟ. "ಅತ್ತೆ, ನೀವು ನಿವೃತ್ತರಾಗಿದ್ದೀರಿ. ನಿಮ್ಮಷ್ಟು ಲೆಕ್ಕಾಚಾರವಾಗಿ ಇವನನ್ನು ಬೇರೆ ಯಾರೂ ನೋಡಿಕೊಳ್ಳುವುದಿಲ್ಲ" ಎಂದ. ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿ ದುಡಿದವಳಿಗೆ ಆ ಮಾತು ಹಿತವಾಗಿಯೇ ಕೇಳಿಸಿತು.

ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಇವನನ್ನು ನೋಡಿ ಆಸೆಪಟ್ಟು ನಮ್ಮ ಕಾಡಿನ ಉಡವನ್ನೋ ಊಸರವಳ್ಳಿಯನ್ನೋ ನಕ್ಷತ್ರ ಆಮೆಯನ್ನೋ ಯಾರೂ ಮನೆಗೆ ತರಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಅಪರಾಧವಲ್ಲದಿದ್ದರೂ ತರಬಾರದು. ತಾನಾಗಿ ಬೇಟೆಯಾಡಿ ಬದುಕುತ್ತಿರುವ ಪ್ರಾಣಿಯನ್ನು ಹಿಡಿದು ತಂದು ನಾವು ಅದಕ್ಕೆ ಮಾಡುವ ಉಪಕಾರ ಏನೂ ಇಲ್ಲ.

ನಮ್ಮದು ಈರುಳ್ಳಿಯನ್ನೂ ಹಬ್ಬದ ದಿನ ಒಳಗೆ ತರದ ಮನೆ. ಅಮ್ಮನಿಗೆ ಎಂಬತ್ತೆರಡು. ಇರುವೆಗಳಿಗೂ ಒಂದು ಹಿಡಿ ಸಿಗಲಿ ಎಂದು ಇಂದಿಗೂ ಅಕ್ಕಿ ಹಿಟ್ಟಿನಲ್ಲೇ ರಂಗೋಲಿ ಹಾಕುತ್ತಾಳೆ. ರವೆಯಲ್ಲಿ ಹುಳು ಕಂಡರೆ ಬಿಸಿಲಿಗೆ ಹರಡಿ, ಅವು ತಾವಾಗಿ ಹರಿದು ಹೋಗಲಿ ಎಂದು ಪಕ್ಕದಲ್ಲಿ ಕುಳಿತು ಕಾಯುತ್ತಾಳೆ. ಅಂಥ ಮನೆಯ ಬಾಲ್ಕನಿಯಲ್ಲಿ ಮೊಟ್ಟೆ ಟ್ರೇಗಳ ಸಂದುಗಳಲ್ಲಿ ಇನ್ನೂರು ಜೀವಂತ ಹುಳುಗಳ ಡಬ್ಬಿ ಬಂದು ಕುಳಿತಿತು. ಸೊಪ್ಪಿನಲ್ಲೇ ಇವನು ಬದುಕುತ್ತಾನೆಯೇ ಎಂದು ನಾನು ಪಶುವೈದ್ಯೆಯನ್ನು ಕೇಳಿದೆ. ಮರಿಯಾಗಿದ್ದಾಗ ಹೆಚ್ಚೂಕಡಿಮೆ ಬರೀ ಹುಳು, ಬೆಳೆದ ಮೇಲೆ ಮುಕ್ಕಾಲುಪಾಲು ಸೊಪ್ಪು ತರಕಾರಿ, ಆದರೆ ಹುಳುವನ್ನು ಪೂರ್ತಿ ಬಿಡಿಸಲಾಗುವುದಿಲ್ಲ ಎಂದರು. ಅಮ್ಮ ಸೊಪ್ಪಿನ ಭಾಗವನ್ನು ತಾನು ವಹಿಸಿಕೊಂಡಳು. ಗಾಂಧಿ ಬಜಾರಿನಿಂದ ನುಗ್ಗೆ ಸೊಪ್ಪು, ಸಿಹಿಗುಂಬಳ, ಹಿತ್ತಿಲಿನಿಂದ ದಾಸವಾಳದ ಎಲೆ ಮತ್ತು ಹೂವು. ಪಾಲಕ್ ಬೇಡ, ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ ಎಂದು ಒಮ್ಮೆ ಹೇಳಿದ್ದೆ. ಮತ್ತೆ ಆ ಸೊಪ್ಪು ಅವನ ತಟ್ಟೆಗೆ ಹೋಗಲಿಲ್ಲ. ಹುಳುವಿನ ಭಾಗ ನನ್ನದಾಯಿತು.

ಆ ವರ್ಷ ಗೌರಿ ಹಬ್ಬದ ಹಿಂದಿನ ಸಂಜೆ ಮನೆ ತುಂಬ ನೆಂಟರು. ಬೆಳಿಗ್ಗೆ ಕೆಂಚನಿಗೆ ಹುಳು ಹಾಕುವುದು ತಪ್ಪಿಹೋಗಿತ್ತು. ಸಂಜೆ ಆರರ ಹೊತ್ತಿಗೆ ನೆನಪಾಗಿ, ಕಡುಬಿನ ಕೈಯನ್ನು ತೊಳೆದುಕೊಂಡು ಓಡಿಬಂದು, ಎಣಿಸಿ ಹತ್ತು ಹುಳುಗಳನ್ನು ಒಳಗೆ ಬಿಟ್ಟೆ. ಎಂಟನ್ನು ತಿಂದದ್ದನ್ನು ನೋಡಿದೆ. ಇನ್ನೆರಡು ಮರದ ಬೊಡ್ಡೆಯ ಅಡಿಗೆ ಹೋಗಿದ್ದವು. ಒಳಗಿನಿಂದ ಯಾರೋ ಕರೆದರು. ತಿಂದುಕೊಳ್ಳುತ್ತಾನೆ ಎಂದು ದೀಪ ಆರಿಸಿ ಹೋದೆ.

ಕತ್ತಲಾದ ಮೇಲೆ ಕೆಂಚ ನಿದ್ದೆ ಹೋಗುತ್ತಾನೆ. ಮೈ ತಣ್ಣಗಾಗುತ್ತದೆ, ಮುಟ್ಟಿದರೂ ಬೇಗ ಏಳುವುದಿಲ್ಲ. ಹುಳು ಏಳುವುದು ಆಗಲೇ. ನಾವು ತರುವ ಹುಳು ಕಪ್ಪು ಮೈಯ, ರೆಕ್ಕೆಯ ಬುಡದಲ್ಲಿ ಎರಡು ಹಳದಿ ಚುಕ್ಕೆಯಿರುವ ಜಾತಿ. ಸಾಕುವವರೆಲ್ಲ ಅದನ್ನು ಕ್ರಿಕೆಟ್ ಹುಳು ಎನ್ನುತ್ತಾರೆ, ನಮ್ಮ ಅಮ್ಮ ಚಿಮ್ಮಂಡೆ ಎನ್ನುತ್ತಾಳೆ. ಅದಕ್ಕೆ ಕಚ್ಚುವ ದವಡೆ ಇದೆ. ಒಳಗೆ ಅದಕ್ಕೆ ತಿನ್ನಲು ಬೇರೇನೂ ಇರಲಿಲ್ಲ. ರಾತ್ರಿಯಿಡೀ ನೀರೂ ತಿನಿಸೂ ಇಲ್ಲದ ಹುಳು, ಅಲುಗಾಡದೆ ಮಲಗಿರುವ ಪ್ರಾಣಿಯ ಮೈಯಲ್ಲಿ ತೇವ ಎಲ್ಲಿದೆಯೋ ಅಲ್ಲಿಗೆ ಹೋಯಿತು. ಬೆಳಿಗ್ಗೆ ದೀಪ ಹಾಕಿದಾಗ ಕೆಂಚನ ಎಡಗಣ್ಣಿನ ಮೂಲೆ ಹರಿದಿತ್ತು. ರೆಪ್ಪೆ ಊದಿಕೊಂಡು ಮುಚ್ಚಿತ್ತು. ಹುಳು ಅವನ ಕೆನ್ನೆಯ ಮುಳ್ಳುಗಳ ನಡುವೆಯೇ ಇತ್ತು.

ಉಳಿದ ಹುಳುಗಳನ್ನು ತೆಗೆಯದೆ ದೀಪ ಆರಿಸಬಾರದು ಎಂದು ಅಣ್ಣನ ಮಗ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ ಹೋಗಿದ್ದ. ಎರಡು ಬಾರಿ ಅಡಿಗೆರೆ ಎಳೆದಿದ್ದ.

ಮೂರು ವಾರ ದಿನಕ್ಕೆ ನಾಲ್ಕು ಸಲ ಔಷಧದ ಹನಿ ಹಾಕಿದೆ. ಟವೆಲಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡರೆ ಸುಮ್ಮನೆ ಇರುತ್ತಿದ್ದ, ಉಗುರು ಮಾತ್ರ ನನ್ನ ಸೀರೆಯ ನೆರಿಗೆಯನ್ನು ಹಿಡಿದಿರುತ್ತಿತ್ತು. ಕಣ್ಣು ಉಳಿಯಿತು, ನೋಟ ಉಳಿಯಲಿಲ್ಲ. ಈಗಲೂ ಆ ಕಣ್ಣು ತೆರೆದೇ ಇರುತ್ತದೆ, ಒಳಗೆ ಮಜ್ಜಿಗೆಯ ಬಿಳುಪು.

ಗಾಯ ಮಾಯ್ದ ಮೇಲೆ ಮೊದಲ ಸಲ ಹುಳು ಬಿಟ್ಟ ದಿನ ನಾನು ಕಂಡದ್ದನ್ನು ಮರೆಯಲಾರೆ. ಈ ಜಾತಿಯ ಓತಿಗಳು ಬೇಟೆಯನ್ನು ಮೊದಲು ಹಿಡಿಯುವುದು ನಾಲಿಗೆಯಿಂದ. ದಪ್ಪನೆಯ ಗುಲಾಬಿ ನಾಲಿಗೆ ಮುಂದಕ್ಕೆ ಬರುತ್ತದೆ, ಅದರ ಅಂಟಿಗೆ ಹುಳು ತಗುಲಿಕೊಳ್ಳುತ್ತದೆ, ಒಳಗೆಳೆದುಕೊಂಡ ಮೇಲೆ ದವಡೆಯ ಕೆಲಸ. ಎಷ್ಟು ದೂರಕ್ಕೆ ನಾಲಿಗೆ ಹಾಕಬೇಕು ಎಂಬ ಅಂದಾಜಿಗೆ ಎರಡು ಕಣ್ಣಿನ ನೋಟ ಕೂಡಬೇಕು. ಕೆಂಚ ಓಡಿದ, ನಿಂತ, ನಾಲಿಗೆ ಹಾಕಿದ. ಹುಳುವಿಗಿಂತ ಒಂದು ಬೆರಳು ಈಚೆಗೆ ನೆಲವನ್ನು ನೆಕ್ಕಿದ. ಮತ್ತೆ ಹಾಕಿದ, ಮತ್ತೆ ಬರೀ ನೆಲ. ಮೂರನೆಯ ಸಲ ಹುಳು ಅವನ ಎಡಗಡೆಗೆ ಹಾರಿತು, ಅಂದರೆ ಅವನ ಪಾಲಿಗೆ ಲೋಕದಿಂದಲೇ ಮಾಯವಾಯಿತು. ಅದು ಅವನ ಮುಂಗಾಲಿನ ಪಕ್ಕದಲ್ಲೇ ಮೀಸೆ ಆಡಿಸುತ್ತಿತ್ತು. ಅವನು ಎದುರಿನ ಖಾಲಿ ಜಾಗವನ್ನು ನೋಡುತ್ತಲೇ ನಿಂತಿದ್ದ. ಆಮೇಲೆ ಇರುವ ಒಂದು ಕಣ್ಣನ್ನೂ ಮುಚ್ಚಿ, ಹೊಟ್ಟೆಯನ್ನು ನೆಲಕ್ಕೆ ಇಳಿಸಿ ಮಲಗಿಬಿಟ್ಟ.

ಅಂದೇ ಇಕ್ಕಳ ಹಿಡಿದೆ. ಮೊದಲು ಅಡುಗೆಮನೆಯ ಹಳೆಯ ಉಕ್ಕಿನ ಇಕ್ಕಳ. ಪಶುವೈದ್ಯೆ ನೋಡಿದವರೇ ಅದನ್ನು ಕೈಯಿಂದ ತೆಗೆಸಿದರು. ಈ ಓತಿಗಳ ಬದಿಹಲ್ಲುಗಳು ದವಡೆಯ ಮೂಳೆಯ ಅಂಚಿಗೇ ಬೆಸೆದುಕೊಂಡಿರುತ್ತವೆ, ಮುರಿದರೆ ಹೊಸತು ಬರುವುದಿಲ್ಲ, ರಭಸದಲ್ಲಿ ಉಕ್ಕನ್ನು ಕಚ್ಚಿದರೆ ಮುಗಿಯಿತು ಎಂದರು. ಬಿದಿರಿನದು ಬಂತು. ಇಕ್ಕಳವನ್ನು ಮೇಲಿನಿಂದ ಇಳಿಸಿದಾಗಲೆಲ್ಲ ಅವನು ಚಪ್ಪಟೆಯಾಗಿ ಹೆದರುತ್ತಿದ್ದ. ಕಾರಣ ಹುಡುಕುತ್ತಾ ಹೋದಾಗ ನನಗೆ ತಿಳಿದದ್ದು ಇವನಿಗೆ ಇನ್ನೊಂದು ಕಣ್ಣಿದೆ ಎಂಬ ಸಂಗತಿ. ನೆತ್ತಿಯ ನಡುವೆ ಸಾಸಿವೆಯಷ್ಟು ದೊಡ್ಡದಾದ, ತುಸು ತಿಳಿಬಣ್ಣದ ಒಂದು ಹುರುಪೆ ಇದೆ. ಅದರ ಅಡಿಯಲ್ಲಿ ಬೆಳಕು ನೆರಳನ್ನು ಮಾತ್ರ ಅರಿಯುವ ಅಂಗವಿದೆ. ಆಕೃತಿ ಅದಕ್ಕೆ ಕಾಣದು. ಮೇಲಿನಿಂದ ನೆರಳು ಬಿದ್ದರೆ ಅವನ ಮೈಗೆ ಗೊತ್ತಿರುವ ಅರ್ಥ ಒಂದೇ, ಹದ್ದು. ನಾನು ಊಟ ತರುತ್ತಿದ್ದೇನೆ ಎಂದುಕೊಂಡು ದಿನವೂ ಅವನ ತಲೆಯ ಮೇಲೆ ಹದ್ದಿನ ನೆರಳನ್ನು ಇಳಿಸುತ್ತಿದ್ದೆ. ಅಂದಿನಿಂದ ಗಾಜಿನ ಮನೆಯ ಮುಂದೆ ನೆಲದ ಮೇಲೆ ಮಣೆ ಹಾಕಿಕೊಂಡು ಕೂರುತ್ತೇನೆ. ಮಂಡಿ ನೋಯುತ್ತದೆ. ಆದರೂ ಕೈ ಹೋಗುವುದು ನೆಲದ ಮೇಲಿಂದಲೇ.

ಎರಡೇ ವಾರದಲ್ಲಿ ಅವನಿಗೆ ಇಕ್ಕಳ ಒಗ್ಗಿತು. ಹುಳುವನ್ನು ಬಾಯಿಯ ಹತ್ತಿರ ಹಿಡಿದರೆ ಸಾಕು, ನಾಲಿಗೆ ಬರುತ್ತಿತ್ತು. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಕಳೆದದ್ದನ್ನು ಒಂದೊಂದು ತುತ್ತಾಗಿ ತೀರಿಸುತ್ತಿದ್ದೇನೆ ಎನ್ನಿಸುತ್ತಿತ್ತು. ಐದು ಕೊಡುವ ಕಡೆ ಎಂಟು ಕೊಟ್ಟೆ. ಹುಳುವನ್ನು ಅವನ ತುಟಿಗೇ ತಾಗಿಸಿದೆ. ಅವನು ಚಪ್ಪಡಿಯಿಂದ ಇಳಿಯುವುದನ್ನು ಬಿಟ್ಟ. ಬೆಳಿಗ್ಗೆ ಬಾಗಿಲು ಸರಿದ ಸದ್ದಿಗೆ ಬಾಯಿ ತೆರೆದು ಕೂರುತ್ತಿದ್ದ. ಆರು ತಿಂಗಳಿನಲ್ಲಿ ಅಡುಗೆಮನೆಯ ತಕ್ಕಡಿಯಲ್ಲಿ ಅವನ ತೂಕ 410 ಗ್ರಾಂನಿಂದ 480ಕ್ಕೆ ಏರಿತು. ಬೆಳೆಯುತ್ತಿದ್ದಾನೆ ಎಂದು ಹಿಗ್ಗಿದೆ. ಪಶುವೈದ್ಯೆ ಹೊಟ್ಟೆಯ ಪಕ್ಕದ ಮಡಿಕೆಗಳನ್ನು, ಸೊರಗಿದ ತೊಡೆಗಳನ್ನು ಒತ್ತಿ ನೋಡಿದರು. "ಇವನಿಗೆ ಊಟ ಸಿಗುತ್ತಿದೆ, ಬೇಟೆ ಸಿಗುತ್ತಿಲ್ಲ" ಎಂದರು. ಮನೆಗೆ ಬರುವಷ್ಟರಲ್ಲಿ ಆ ಮಾತು ಆಟೋದಲ್ಲಿ ನನ್ನ ಪಕ್ಕದಲ್ಲೇ ಕುಳಿತು ಬಂದಿತ್ತು.

ಕುರುಡುಗಣ್ಣಿನ ಓತಿ ಮತ್ತೆ ಬೇಟೆ ಕಲಿಯುತ್ತದೆಯೇ? ಓತಿಗಳು ಕಲಿಯುತ್ತವೆ ಎಂಬುದಕ್ಕೆ ನಮ್ಮ ಊರಿನಲ್ಲೇ ಸಾಕ್ಷಿ ಇದೆ. ಬೆಂಗಳೂರಿನ ಸುತ್ತಿನ ಬಂಡೆಗಳ ಮೇಲೆ ಬಿಸಿಲು ಕಾಯಿಸುವ ಕಲ್ಲು ಓತಿಗಳ ಮೇಲೆ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ನಡೆಸಿದ ಒಂದು ಅಧ್ಯಯನ 2019ರಲ್ಲಿ ಪ್ರಕಟವಾಗಿದೆ. ಎರಡು ಅಡಗುತಾಣಗಳಲ್ಲಿ ಯಾವುದು ಸುರಕ್ಷಿತ ಎಂಬುದನ್ನು ನಗರದಂಚಿನ ಓತಿಗಳು ಹಳ್ಳಿಗಾಡಿನ ಓತಿಗಳಿಗಿಂತ ಬೇಗ ಕಲಿತವು. ಮನೆ ಕಟ್ಟುವವರು ಬಂಡೆ ಒಡೆಯುತ್ತಿರುವ ಜಾಗದಲ್ಲಿ ಬದುಕಬೇಕಾದ ಜೀವ ಅದು, ಬೇಗ ಕಲಿಯದೆ ಇನ್ನೇನು ಮಾಡೀತು. ಕೆಂಚ ಅವುಗಳ ದೂರದ ದಾಯಾದಿ. ನಾನು ಅವನಿಗೆ ಕಲಿಯಲು ಎಡೆಯನ್ನೇ ಕೊಟ್ಟಿರಲಿಲ್ಲ.

ಆದರೆ ಹುಳುವಿನ ವೇಗಕ್ಕೆ ಅವನ ನೋಟ ಸಾಲದು. ವೇಗವನ್ನು ತಗ್ಗಿಸಲು ಹಲವರು ಹುಳುವಿನ ಹಿಂಗಾಲುಗಳನ್ನು ಕಿತ್ತು ಹಾಕುತ್ತಾರೆ. ಹಾರಲಾಗದ ಹುಳು ತೆವಳುತ್ತದೆ, ಓತಿಗೆ ಸುಲಭ. ನಾನು ಒಮ್ಮೆ ಒಂದನ್ನು ಬೆರಳುಗಳ ನಡುವೆ ಹಿಡಿದೆ. ತೊಡೆಯ ಮೇಲೆ ಸಾಲಾಗಿ ಕೊರೆದಂತೆ ಗೆರೆಗಳು, ಕೆಳಗೆ ಗರಗಸದಂಥ ಮುಳ್ಳು. ಮುಂಗಾಲಿನಲ್ಲಿ, ಮಂಡಿಯ ಸ್ವಲ್ಪ ಕೆಳಗೆ, ಬೆಳ್ಳಗೆ ಹೊಳೆಯುವ ಅಂಡಾಕಾರದ ಒಂದು ಪೊರೆ. ಚಿಮ್ಮಂಡೆಯ ಕಿವಿ ಅದು. ಕಾಲಿನಿಂದ ಕೇಳುವ ಜೀವದ ಕಾಲು ಕೀಳುವುದು ನನ್ನಿಂದಾಗಲಿಲ್ಲ. ಕೊನೆಗೆ ಅದನ್ನು ಕೆಂಚ ತಿನ್ನುತ್ತಾನೆ, ನಿಜ. ತಿನ್ನುವುದು ಅವನ ಹೊಟ್ಟೆಯ ದಾರಿ. ಅದಕ್ಕೆ ಮೊದಲು ಅಂಗಹೀನ ಮಾಡುವುದು ನನ್ನ ಅನುಕೂಲದ ದಾರಿ. ಇವೆರಡೂ ಒಂದೇ ಎಂದು ಯಾರು ಹೇಳಿದರೂ ನಾನು ಒಪ್ಪುವುದಿಲ್ಲ.

ದಾರಿ ತೋರಿಸಿದವಳು ಅಮ್ಮ. ಚಳಿಗೆ ಹುಳು ಮಂಕಾಗುತ್ತದೆ, ಫ್ರಿಜ್‌ನಲ್ಲಿ ಐದು ನಿಮಿಷ ಇಟ್ಟರೆ ಸಾಕಂತೆ ಎಂದು ಅವಳೆದುರು ಹಿಂಜರಿಯುತ್ತಲೇ ಹೇಳಿದೆ. ಮೊಸರು ಹಾಲಿನ ಫ್ರಿಜ್‌ಗೆ ಹುಳುವಿನ ಡಬ್ಬಿ ಹೋಗುವುದು ನಮ್ಮ ಮನೆಯಲ್ಲಿ ಸಾಧ್ಯವಿರಲಿಲ್ಲ. ಅಮ್ಮ ಅಟ್ಟದಿಂದ ಅಪ್ಪನ ಕಾಲದ ಟಿಫಿನ್ ಕ್ಯಾರಿಯರ್ ಇಳಿಸಿದಳು. ಮೂರು ಅಂತಸ್ತಿನದು, ಹಿತ್ತಾಳೆಯದು, ಒಳಗೆ ಕಲಾಯಿ. "ಕೆಳಗಿನದರಲ್ಲಿ ಮಂಜುಗಡ್ಡೆ ಹಾಕು, ಮೇಲಿನದರಲ್ಲಿ ಹುಳು ಇಡು, ನಡುವಿನದು ಖಾಲಿ ಇರಲಿ" ಎಂದಳು. ಅಷ್ಟೇ. ಐದು ನಿಮಿಷಕ್ಕೆ ತೆಗೆದರೆ ಹುಳು ಜಿಗಿಯುವುದಿಲ್ಲ, ಆಲೋಚಿಸಿ ಹೆಜ್ಜೆ ಇಡುವವರ ಹಾಗೆ ನಡೆಯುತ್ತದೆ. ದೀಪದ ಬಿಸಿಗೆ ಒಂದೂವರೆ ಎರಡು ನಿಮಿಷದಲ್ಲಿ ಚೇತರಿಸಿಕೊಳ್ಳುತ್ತದೆ. ಕೆಂಚನಿಗೆ ಸಿಗುವ ಅವಕಾಶ ಆ ಎರಡು ನಿಮಿಷ. ಕೆಳಗೆ ಹಾಸುವುದು ಬಿಳಿ ಕಾಗದ, ಕಪ್ಪು ಹುಳು ಅದರ ಮೇಲೆ ಅಕ್ಷರದ ಹಾಗೆ ಕಾಣುತ್ತದೆ.

ಹುಳುವನ್ನು ಅವನ ಬಾಯಿಗೆ ನಾಲ್ಕು ಬೆರಳು ದೂರದಲ್ಲಿ ಬಿಟ್ಟೆ. ಬಾಯಿ ತೆರೆದು ಕಾದ. ಬರಲಿಲ್ಲ. ನನ್ನ ಕಡೆ ನೋಡಿದ. ನಾನು ಇಕ್ಕಳವನ್ನು ಮುಂದೆ ಚಾಚಿದೆ, ಹಿಂದಿನಿಂದ ಅಮ್ಮ "ಕೈ ತೆಗೆಯೇ, ಅವನೇ ಹಿಡಿಯಲಿ" ಎಂದಳು. ತೆಗೆದೆ. ಅಂದು ಅವನು ಹಿಡಿಯಲಿಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ನಾನು ಸೋತು ಬಾಯಿಗೇ ಕೊಟ್ಟೆ, ಅಮ್ಮ ಆ ಹೊತ್ತು ನನ್ನೊಡನೆ ಮಾತಾಡಲಿಲ್ಲ. ಐದನೆಯ ದಿನವೋ ಆರನೆಯ ದಿನವೋ ಕೆಂಚ ಚಪ್ಪಡಿಯಿಂದ ಒಂದು ಕಾಲು ಇಳಿಸಿದ.

ಅಲ್ಲಿಂದ ಮುಂದಿನದು ತಿಂಗಳುಗಟ್ಟಲೆಯ ಮಾತು. ನಾಲ್ಕು ಬೆರಳಿನಿಂದ ಒಂದು ಚೋಟಿಗೆ, ಚೋಟಿನಿಂದ ಗೇಣಿಗೆ. ಅವನು ತನ್ನದೇ ಉಪಾಯ ಕಂಡುಕೊಂಡ. ಈಗ ಹುಳುವಿನ ಎದುರು ನೇರವಾಗಿ ನಿಲ್ಲುವುದಿಲ್ಲ, ಮೈಯನ್ನು ಓರೆ ಮಾಡಿ ಬಲಗಣ್ಣನ್ನು ಅದಕ್ಕೆ ಕೊಡುತ್ತಾನೆ. ತಲೆಯನ್ನು ಒಂದು ಸಲ ಅತ್ತ, ಒಂದು ಸಲ ಇತ್ತ ಸರಿಸಿ ನೋಡುತ್ತಾನೆ. ಒಂದು ಕಣ್ಣನ್ನೇ ಎರಡು ಜಾಗದಲ್ಲಿ ಇಟ್ಟು ದೂರ ಅಳೆಯುವ ಹಾಗೆ ನನಗೆ ತೋರುತ್ತದೆ. ಆಮೇಲೆ ದೂರದಿಂದ ನಾಲಿಗೆ ಹಾಕದೆ ಮೂಗು ತಾಗುವಷ್ಟು ಹತ್ತಿರ ಹೋಗಿ, ನಾಲಿಗೆಯನ್ನೂ ದವಡೆಯನ್ನೂ ಒಟ್ಟಿಗೆ ಹಾಕುತ್ತಾನೆ. ಹತ್ತರಲ್ಲಿ ನಾಲ್ಕು ತಪ್ಪುತ್ತವೆ. ತಪ್ಪಿದರೆ ಈಗ ಮಲಗುವುದಿಲ್ಲ. ತಲೆ ಎತ್ತಿ, ಬಾಲದ ತುದಿಯನ್ನು ಕೊಂಚ ಮೇಲಕ್ಕೆ ಬಾಗಿಸಿ, ಮತ್ತೆ ಹುಡುಕುತ್ತಾನೆ.

ಹುಳುಗಳ ವಿಷಯಕ್ಕೆ ಮತ್ತೆ ಬರಬೇಕು, ಏಕೆಂದರೆ ನನ್ನ ದಿನದ ಹೆಚ್ಚಿನ ಹೊತ್ತು ಹೋಗುವುದು ಅವುಗಳಿಗೇ. ಯಲಹಂಕದ ಕಡೆ ಒಬ್ಬ ಹುಡುಗ ಮನೆಯಲ್ಲೇ ಇವನ್ನು ಬೆಳೆಸಿ ಕೊಡುತ್ತಾನೆ. ತಂದವನ್ನು ತಕ್ಷಣ ಹಾಕುವುದಿಲ್ಲ. ಎರಡು ದಿನ ಕ್ಯಾರೆಟ್, ನುಗ್ಗೆ ಸೊಪ್ಪು, ಓಟ್ಸ್ ತಿನ್ನಿಸಿ ಅವುಗಳ ಹೊಟ್ಟೆ ತುಂಬಿಸಬೇಕು. ಹಸಿದ ಹುಳುವನ್ನು ತಿಂದರೆ ಓತಿಗೆ ಸಿಗುವುದು ಬರೀ ಚಿಪ್ಪು. ಈ ಹುಳುಗಳಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ತೀರಾ ಕಡಿಮೆ. ಹಾಗೇ ಕೊಡುತ್ತ ಹೋದರೆ ಓತಿಯ ಮೈ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ತೆಗೆಯುತ್ತದೆ. ದವಡೆ ರಬ್ಬರಿನ ಹಾಗೆ ಮೆತ್ತಗಾಗುತ್ತದೆ, ಕಾಲು ಸೊಟ್ಟಗಾಗುತ್ತದೆ. ಅದಕ್ಕಾಗಿ ಹುಳುಗಳನ್ನು ಒಂದು ಲೋಟಕ್ಕೆ ಹಾಕಿ, ಚಿಟಿಕೆ ಕ್ಯಾಲ್ಸಿಯಂ ಪುಡಿ ಉದುರಿಸಿ, ರೊಟ್ಟಿ ತಟ್ಟುವ ಮೊದಲು ಕೈಗೆ ಹಿಟ್ಟು ಸವರಿಕೊಳ್ಳುವಂತೆ ಮೆಲ್ಲಗೆ ಕುಲುಕಿ ಕೊಡಬೇಕು. ತಡಮಾಡಿದರೆ ಹುಳು ಕಾಲಿನಿಂದ ಮೈ ಒರೆಸಿಕೊಂಡು ಪುಡಿಯನ್ನೆಲ್ಲ ಕೆಡವಿಬಿಡುತ್ತದೆ. ಆ ಕ್ಯಾಲ್ಸಿಯಂ ಮೈಗೆ ಹತ್ತಬೇಕಾದರೆ ಡಿ3 ಜೀವಸತ್ವ ಬೇಕು, ಅದಕ್ಕೆ ಬಿಸಿಲಿನಲ್ಲಿರುವ ಯುವಿಬಿ ಎಂಬ ನೇರಳಾತೀತ ಕಿರಣ ಬೇಕು. ಕಿಟಕಿಯ ಗಾಜು ಅದನ್ನು ಒಳಗೆ ಬಿಡುವುದಿಲ್ಲ. ದೀಪವಿದೆ. ಆದರೂ ವಾರಕ್ಕೆರಡು ಸಲ ಬೆಳಗಿನ ಬಿಸಿಲಿಗೆ ಅವನನ್ನು ತಾರಸಿಗೆ ಕರೆದೊಯ್ಯುತ್ತೇನೆ, ಬಟ್ಟೆ ಒಣಗಿಸುವಷ್ಟು ಹೊತ್ತು.

ವಾರಕ್ಕೆ ಮೂರು ದಿನ, ದಿನಕ್ಕೆ ಐದಾರು ಹುಳು. ವರ್ಷಕ್ಕೆ 900ರ ಹತ್ತಿರ. ಬ್ಯಾಂಕಿನ ಅಭ್ಯಾಸ, ಪುಸ್ತಕದಲ್ಲಿ ಬರೆದಿಡುತ್ತೇನೆ: ಬಂದದ್ದು, ಡಬ್ಬಿಯಲ್ಲೇ ಸತ್ತದ್ದು, ತಿಂದದ್ದು. ಒಂದು ಸಂಜೆ ಅಮ್ಮನಿಗೆ ಆ ಮೊತ್ತವನ್ನು ಓದಿ ಹೇಳಿದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದರೆ ನನಗೆ ಹಗುರವಾಗುತ್ತಿತ್ತೋ ಏನೋ. ಬಹಳ ಹೊತ್ತು ಬತ್ತಿ ಹೊಸೆಯುತ್ತಲೇ ಇದ್ದಳು. ಆಮೇಲೆ, "ಡಬ್ಬಿಯಲ್ಲಿ ಸತ್ತದ್ದು ಎಷ್ಟು?" ಎಂದು ಕೇಳಿದಳು. ನೂರಾ ನಲವತ್ತು ಎಂದೆ. "ಅದನ್ನು ಕಡಿಮೆ ಮಾಡು. ಅವು ಯಾರ ಹೊಟ್ಟೆಗೂ ಹೋಗಲಿಲ್ಲ." ಮರುದಿನದಿಂದ ಡಬ್ಬಿಗೆ ಕ್ಯಾರೆಟ್ ಹೆಚ್ಚುವವಳು ಅವಳೇ. ನೀರಿನ ಬಟ್ಟಲಿನಲ್ಲಿ ಮುಳುಗಿ ಸಾಯುತ್ತಿದ್ದವು, ಈಗ ಒದ್ದೆ ಹತ್ತಿ ಇಡುತ್ತೇವೆ. ಅವಳ ಬತ್ತಿಯದೇ ಹತ್ತಿ. ಕಳೆದ ವರ್ಷದ ಲೆಕ್ಕದಲ್ಲಿ ಆ ನೂರಾ ನಲವತ್ತು ಮೂವತ್ತಾರಕ್ಕೆ ಇಳಿದಿದೆ.

ಕೃಷ್ಣರಾವ್ ಪಾರ್ಕಿನಿಂದ ಎದುರುಮನೆಯ ಹುಡುಗ ಮಿಡತೆ ಹಿಡಿದು ಬೆಂಕಿಪೊಟ್ಟಣದಲ್ಲಿ ತರುತ್ತಾನೆ. ಹುಲ್ಲಿಗೆ ಯಾವ ಔಷಧ ಹೊಡೆದಿದ್ದಾರೋ ಗೊತ್ತಾಗುವುದಿಲ್ಲ, ಹಾಗಾಗಿ ಹೊರಗಿನ ಹುಳು ಯಾವುದೂ ಕೆಂಚನಿಗೆ ಇಲ್ಲ. ಹುಡುಗನ ಎದುರಿಗೇ ಬಾಗಿಲಾಚೆ ಬಿಟ್ಟುಬಿಡುತ್ತೇವೆ. ಹೋದ ಜೂನ್‌ನಲ್ಲಿ ಅವನು ಅಜ್ಜಿಯ ಊರು ತೀರ್ಥಹಳ್ಳಿಯಿಂದ ಬಂದವನೇ ಒಂದು ಬಾಟಲಿ ಹಿಡಿದು ಓಡಿಬಂದ. "ಆಂಟಿ, ಕೆಂಚನಿಗೆ ದೀಪದ ಹುಳು!" ಒಳಗೆ ನಾಲ್ಕು ಮಿಂಚುಹುಳು. ನನ್ನ ಕೈ ತಣ್ಣಗಾಯಿತು. ಕೆಲವು ಜಾತಿಯ ಮಿಂಚುಹುಳುಗಳ ಮೈಯಲ್ಲಿ, ನೆಲಗಪ್ಪೆಗಳ ವಿಷವನ್ನು ಹೋಲುವ, ಹೃದಯವನ್ನು ನಿಲ್ಲಿಸುವ ವಿಷವಿರುತ್ತದೆ. ಅಮೆರಿಕದಲ್ಲಿ ಸಾಕುವವರು ತಿಳಿಯದೆ ತಿನ್ನಿಸಿ ಇದೇ ಜಾತಿಯ ಓತಿಗಳು ಸತ್ತ ವರದಿ 1999ರಲ್ಲೇ ಬಂದಿದೆ. ಒಂದೇ ಒಂದು ಹುಳು ಸಾಕಂತೆ. ಆ ಮಿಂಚುಹುಳುಗಳ ನಾಡಿನ ಅನೇಕ ಹಲ್ಲಿಗಳು ಅವುಗಳ ತಂಟೆಗೆ ಹೋಗುವುದಿಲ್ಲ, ಮರುಭೂಮಿಯಿಂದ ಬಂದ ಈ ಜೀವಕ್ಕೆ ಆ ಅಂಜಿಕೆಯನ್ನು ಯಾರೂ ಕಲಿಸಿಲ್ಲ. ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನೆಲ್ಲ ಹೇಳಿದೆ. ರಾತ್ರಿ ಹಿತ್ತಿಲಿನ ದಾಸವಾಳದ ಬುಡದಲ್ಲಿ ಬಾಟಲಿಯ ಮುಚ್ಚಳ ತೆಗೆದೆವು. ಬಸವನಗುಡಿಯಲ್ಲಿ ಮಿಂಚುಹುಳು ನೋಡಿ ಎಷ್ಟು ವರ್ಷವಾಗಿತ್ತು ಎಂದು ಅಮ್ಮ ಎಣಿಸುತ್ತಾ ನಿಂತಿದ್ದಳು.

ಕಡಲೆಕಾಯಿ ಪರಿಷೆ ಮುಗಿದ ಮೇಲೆ ನಮ್ಮಲ್ಲಿ ಚಳಿ ಕೂರುತ್ತದೆ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಊರು, ಡಿಸೆಂಬರ್ ರಾತ್ರಿಗಳಲ್ಲಿ ಪಾದರಸ 16 ಡಿಗ್ರಿಗೆ ಇಳಿಯುವುದು ಮಾಮೂಲು. ದೀಪವಿದ್ದರೂ ಕೆಂಚ ಮಂಕಾದ. ಬೊಡ್ಡೆಯ ಅಡಿಗೆ ಹೋಗಿ ಮಲಗಿದವನು ಐದು ವಾರ ಏನೂ ತಿನ್ನಲಿಲ್ಲ. ಇದು ಈ ಜಾತಿಯ ಚಳಿಗಾಲದ ನಿದ್ದೆ, ಎಬ್ಬಿಸಬೇಡಿ, ನೀರು ಮಾತ್ರ ಇಡಿ, ತೂಕ ನೋಡುತ್ತಿರಿ ಎಂದರು ಪಶುವೈದ್ಯೆ. ನಾನು ವಾರಕ್ಕೊಮ್ಮೆ ತೂಗಿದೆ. 440, 438, 437. ಮಲಗಿದ ಕೆಂಚನ ರೆಪ್ಪೆಗಳ ಅಡಿಯಲ್ಲಿ ಗುಡ್ಡೆಗಳು ಅಲುಗುವುದನ್ನು ಒಂದೆರಡು ಸಲ ಕಂಡೆ. ಈ ಜಾತಿಯ ಓತಿಗಳಿಗೂ ನಮ್ಮಂತೆ ಕಣ್ಣಾಲಿಗಳು ಚಲಿಸುವ ನಿದ್ದೆಯಿದೆ ಎಂದು ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು 2016ರಲ್ಲಿ ತೋರಿಸಿದ್ದಾರೆ. ಬೆಳ್ಳಗಾದ ಎಡಗಣ್ಣೂ ಅಲುಗುತ್ತಿತ್ತು.

ಶಿವರಾತ್ರಿ ಕಳೆದ ಮೂರನೆಯ ದಿನ ಎದ್ದು ಬಂದ. ಒಂದು ವಾರ ಬರೀ ದಾಸವಾಳ. ಆಮೇಲೆ ಟಿಫಿನ್ ಕ್ಯಾರಿಯರ್ ಮತ್ತೆ ಕೆಳಗಿಳಿಯಿತು. ಮೊಬೈಲ್‌ನಲ್ಲಿ ಅಣ್ಣನ ಮಗ, ಪಕ್ಕದ ಕುರ್ಚಿಯಲ್ಲಿ ಅಮ್ಮ, ಮಣೆಯ ಮೇಲೆ ನಾನು. ಮೂರು ಹುಳು ತಣ್ಣಗಾಗಿದ್ದವು. ಮೊದಲನೆಯದನ್ನು ಬಲಗಡೆ, ಒಂದು ಗೇಣು ದೂರಕ್ಕೆ ಬಿಟ್ಟೆ. ಓರೆಯಾಗಿ ನಡೆದು ಬಂದು ಹಿಡಿದ. ಎರಡನೆಯದು ಬಿಟ್ಟ ಕೂಡಲೇ ಚೇತರಿಸಿಕೊಂಡು, ಅವನ ಮೂಗಿನ ಮುಂದಿನಿಂದ ಹಾದು ಎಡಗಡೆಗೆ ಹೋಯಿತು. ಬೆಳ್ಳಗಿನ ಕಣ್ಣಿನ ಕಡೆಗೆ. "ಅತ್ತೆ, ಇಕ್ಕಳ" ಎಂದ ಅಣ್ಣನ ಮಗ. ನನ್ನ ಕೈ ಎದ್ದದ್ದು ನಿಜ. ಅಮ್ಮ ಏನೂ ಹೇಳಲಿಲ್ಲ, ಆದರೂ ಕೈಯನ್ನು ಮಡಿಲಿಗೆ ಇಳಿಸಿದೆ.

ಹುಳು ಕಾಗದದ ಮೇಲೆ ನಾಲ್ಕು ಹೆಜ್ಜೆ ನಡೆಯಿತು. ಪರ್, ಪರ್ ಎಂದು ಅಷ್ಟೇ ಅಷ್ಟು ಸದ್ದು. ಕೆಂಚ ತಲೆ ಓರೆ ಮಾಡಿದ. ಹಿಂಗಾಲುಗಳನ್ನು ಊರಿದಲ್ಲೇ ಊರಿ ಮುಂಗಾಲುಗಳನ್ನು ಒಂದೊಂದಾಗಿ ಎಡಕ್ಕೆ ಸರಿಸುತ್ತಾ, ಗಡಿಯಾರದ ಮುಳ್ಳಿನ ಹಾಗೆ ಇಡೀ ಮೈಯನ್ನು ತಿರುಗಿಸಿದ, ಬಲಗಣ್ಣಿಗೆ ಹುಳು ಸಿಗುವವರೆಗೂ. ನಿಂತ. ತಲೆಯನ್ನು ಅತ್ತ ಸರಿಸಿದ, ಇತ್ತ ಸರಿಸಿದ. ನಾನು ಉಸಿರು ಬಿಡಲಿಲ್ಲ. ನಾಲಿಗೆ ಬಂದದ್ದು ಕಾಣಲೇ ಇಲ್ಲ, ಚಿಪ್ಪು ಮುರಿದ ಸದ್ದು ಮಾತ್ರ ಕೇಳಿಸಿತು.

ಮೊಬೈಲ್‌ನಲ್ಲಿ ಹುಡುಗ ಕೂಗಿಕೊಂಡ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಗಡಿಬಿಡಿಯಲ್ಲಿ ಮುಚ್ಚಳ ಹಾಕದ ಕ್ಯಾರಿಯರ್‌ನಿಂದ ಮೂರನೆಯ ಹುಳು ಎದ್ದು, ನನ್ನ ಮಂಡಿಯ ಮೇಲಿಂದ ಹಾರಿ ಅಡುಗೆಮನೆಯ ಕಡೆಗೆ ಹೋಯಿತು. ಮಧ್ಯಾಹ್ನವೆಲ್ಲ ಹುಡುಕಿದೆ, ಸಿಗಲಿಲ್ಲ.

ರಾತ್ರಿ ಅಕ್ಕಿಯ ಡಬ್ಬದ ಹಿಂದಿನಿಂದ ಅದು ಹಾಡತೊಡಗಿತು. ಗಂಡು ಇರಬೇಕು, ರೆಕ್ಕೆಗೆ ರೆಕ್ಕೆ ಉಜ್ಜಿ ಹಾಡುವುದು ಗಂಡು ಮಾತ್ರ. ನಾನು ಟಾರ್ಚ್ ಹಿಡಿದು ಏಳುವುದರಲ್ಲಿದ್ದೆ.

"ಮಲಗೇ" ಎಂದಳು ಅಮ್ಮ ಕತ್ತಲಲ್ಲಿ. "ಒಂದು ತುಂಡು ಕ್ಯಾರೆಟ್ ಅಲ್ಲೇ ಇಟ್ಟು ಬಂದಿದ್ದೇನೆ."